ಹಳೆ ಫೈಬರ್ ನಾಡದೋಣಿ ಮತ್ತೆ ಕಡಲಿಗಿಳಿಸೋದು ಹೇಗೆ: ಮೊದಲು ಒಣಗಿಸಿ, ಬಣ್ಣ ಆಮೇಲೆ

ಮಲ್ಪೆಯಿಂದ ಹೊರಟು ಗಂಗೊಳ್ಳಿ, ಮರವಂತೆ, ಉಪ್ಪುಂದ, ಭಟ್ಕಳದ ತನಕ ಯಾವ ದಡಕ್ಕೆ ಹೋದ್ರೂ ತೆಂಗಿನ ಬುಡದಲ್ಲೋ ಯಾರದ್ದೋ ಮನೆ ಹಿಂದಿನ ಹೊಯ್ಗೆಯಲ್ಲೋ ಒಂದಾದ್ರೂ ಹಳೆ ಫೈಬರ್ ದೋಣಿ ಮಗುಚಿ ಬಿದ್ದಿರತ್ತೆ. ಮರದ ದೋಣಿ ಆಗಿದ್ರೆ ಅದು ಹಾಗೇ ಕರಗಿ ಮಣ್ಣಾಗ್ತಿತ್ತು, ಫೈಬರ್ ಹಾಗಲ್ಲ, ಕೊಳೆಯಲ್ಲ, ಸುಟ್ರೆ ವಿಷದ ಹೊಗೆ, ಗುಜರಿಯವರೂ ತಗೊಳ್ಳಲ್ಲ. ಆದ್ರೆ ಅದರಲ್ಲಿ ಎಷ್ಟೋ ದೋಣಿಗಳ ಮೈ ಇನ್ನೂ ಗಟ್ಟಿ ಇರತ್ತೆ, ಕೆಟ್ಟಿರೋದು ಹಿಂದಿನ ಇಂಜಿನ್ ಹಲಗೆ, ತಳದ ಒಂದೆರಡು ಕಡೆ, ಮತ್ತೆ ಒಳಗೆ ಕೂತ್ಕೊಂಡಿರೋ ನೀರು, ಅಷ್ಟೇ. ಇದನ್ನ ಸರಿಯಾಗಿ ಮಾಡಿದ್ರೆ ಇನ್ನೂ ಎಷ್ಟೋ ವರ್ಷ ದುಡಿಯೋ ದೋಣಿ ಅದು. ಈ ಬರಹ 20ರಿಂದ 24 ಅಡಿ ಒಳಗಿನ, ಔಟ್‌ಬೋರ್ಡ್ ಇಂಜಿನ್ (ಹಿಂದಿನ ಹಲಗೆಗೆ ಹೊರಗಿನಿಂದ ನೇತುಹಾಕೋ ಇಂಜಿನ್) ಹಾಕೋ, ಕಂತಬಲೆ ಗಾಳ ಹಾಕ್ಕೊಂಡು ದಡದ ಹತ್ರ ಇಲ್ಲಾ ಹೊಳೆಯಲ್ಲಿ ಮೀನು ಹಿಡಿಯೋ ದೋಣಿ ಮನಸ್ಸಲ್ಲಿ ಇಟ್ಕೊಂಡು ಬರೆದದ್ದು. ದೊಡ್ಡ ಪರ್ಸೀನ್, ಟ್ರಾಲ್ ಬೋಟಿನ ಲೆಕ್ಕವೇ ಬೇರೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಮುಂದೆ ಬರೋದೆಲ್ಲ ಇದರ ಮೇಲೇ ನಿಂತಿದೆ. ಹಳೆ ದೋಣಿ ರಿಪೇರಿ ಅಂದ್ರೆ ನೀರು ಎಲ್ಲೆಲ್ಲಿ ಒಳಗೆ ಹೊಕ್ಕಿದೆ ಅಂತ ಹುಡುಕಿ, ಅದನ್ನ ಪೂರ್ತಿ ಹೊರಗೆ ಹಾಕಿ, ಮತ್ತೆ ಬರದ ಹಾಗೆ ಮುಚ್ಚೋದು. ಒದ್ದೆ ಮೈ ಮೇಲೆ ಎಷ್ಟೇ ಒಳ್ಳೆ ರೆಸಿನ್ (ಗಾಜಿನ ನೂಲನ್ನ ಹಿಡಿದಿಡೋ, ಆಮೇಲೆ ಗಟ್ಟಿಯಾಗೋ ಅಂಟು) ಸುರಿದ್ರೂ ಒಂದು ಮಳೆಗಾಲ ಕಳೆಯೋದ್ರಲ್ಲಿ ಪದರ ಎದ್ದು ಬರತ್ತೆ.

ಕೊಳ್ಳೋ ಮುಂಚೆ ದೋಣಿನ ತಟ್ಟಿ ನೋಡಿ

ಒಂದು ಸಣ್ಣ ಸುತ್ತಿಗೆ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್, ಒಂದು ಟಾರ್ಚ್ ಸಾಕು. ದೋಣಿಯ ಮೈ ಪೂರ್ತಿ ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಇರೋ ಕಡೆ ಟಣ್ ಅಂತ ಚುರುಕಾದ ಸದ್ದು ಬರತ್ತೆ, ಪದರ ಬಿಟ್ಟಿರೋ ಕಡೆ ಅಥವಾ ಒಳಗಿನ ಪ್ಲೈವುಡ್ ನೀರು ಕುಡಿದಿರೋ ಕಡೆ ದಬ್ ದಬ್ ಅಂತ ಸತ್ತ ಸದ್ದು. ಸದ್ದು ಬದಲಾದ ಜಾಗಕ್ಕೆಲ್ಲ ಚಾಕ್‌ಪೀಸಲ್ಲಿ ಗೆರೆ ಹಾಕ್ತಾ ಬನ್ನಿ, ಕೊನೆಗೆ ದೂರ ನಿಂತು ನೋಡಿದ್ರೆ ಕೆಲಸ ಎಷ್ಟಿದೆ ಅಂತ ಕಣ್ಣಿಗೆ ಕಾಣತ್ತೆ.

ಆಮೇಲೆ ಟ್ರಾನ್ಸಮ್, ಅಂದ್ರೆ ಇಂಜಿನ್ ಕೂರೋ ಹಿಂದಿನ ಹಲಗೆ. ಇಂಜಿನ್ ಇದ್ರೆ ಅದರ ಕೆಳಗಿನ ಕಾಲು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆ ಬಾಗ್ತಾ ಇದ್ರೆ, ಮೂಲೆಯಲ್ಲಿ ಕೂದಲೆಳೆ ಬಿರುಕು ಬಾಯಿ ಬಿಡ್ತಾ ಇದ್ರೆ, ಬೋಲ್ಟ್ ತೂತಿನಿಂದ ಕಂದು ನೀರು ಇಳಿದ ಕಲೆ ಇದ್ರೆ ಒಳಗಿನ ಪ್ಲೈವುಡ್ ಹೋಗಿದೆ ಅಂತಾನೇ ಅರ್ಥ. ಮಾಲೀಕರು ಒಪ್ಪಿದ್ರೆ ಒಳಗಿನ ಬದಿಯಿಂದ ಒಂದು 6 ಎಂಎಂ ತೂತು ಹಾಕಿ ನೋಡಿ, ಹೊರಗಿನ ಬದಿಯಿಂದ ಬೇಡ. ಬಿಟ್ ಜೊತೆ ತೌಡಿನ ಥರ ಒಣ ಮರದ ಪುಡಿ ಬಂದ್ರೆ ಒಳ್ಳೇದು, ಕಪ್ಪು ಕೆಸರು ಬಂದ್ರೆ ಟ್ರಾನ್ಸಮ್ ಬದಲಾಯಿಸೋ ಲೆಕ್ಕ ಹಿಡ್ಕೊಂಡೇ ರೇಟು ಮಾತಾಡಿ.

ಯಾವ ದೋಣಿ ಬಿಟ್ಬಿಡ್ಬೇಕು ಅಂತಾನೂ ಹೇಳ್ಬೇಕು. ಕೀಲ್, ಅಂದ್ರೆ ತಳದ ನಡುವಿನ ಬೆನ್ನೆಲುಬು, ಅದರ ಉದ್ದಕ್ಕೂ ಬಿರುಕು ಬಿಟ್ಟು ಎರಡು ಬದಿ ಬೇರೆ ಬೇರೆ ಅಲ್ಲಾಡ್ತಾ ಇರೋದು, ತಳವನ್ನ ಕಾಲಲ್ಲಿ ಒತ್ತಿದ್ರೆ ಎಲ್ಲಾ ಕಡೆ ತಗ್ಗೋದು, ಬೆಂಕಿ ತಾಗಿದ್ದು, ಮತ್ತೆ ಮೊದ್ಲೇ ಐದಾರು ಕಡೆ ಸಿಕ್ಕಾಪಟ್ಟೆ ಪ್ಯಾಚ್ ಹಾಕಿ ಮೇಲೆ ದಪ್ಪ ಬಣ್ಣ ಹೊಡೆದದ್ದು, ಇವು ಬೇಡ. ಮಸುಕಾದ ಬಣ್ಣ, ಜೆಲ್‌ಕೋಟಿನ (ಮೈಯ ಹೊರಗಿನ ಬಣ್ಣದ ನುಣುಪು ಪದರ) ಜೇಡರಬಲೆ ಥರದ ಸಣ್ಣ ಬಿರುಕು, ಮುರಿದ ಸೀಟು, ಇದಕ್ಕೆಲ್ಲ ಹೆದರೋದು ಬೇಡ.

ಕಾಗದಪತ್ರನೂ ಇದೇ ಹಂತದಲ್ಲಿ ನೋಡ್ಕೊಳ್ಳಿ, ಆಮೇಲೆ ಅಂತ ಬಿಡಬೇಡಿ. ಕಡಲಿಗೆ ಹೋಗೋ ಮೀನುಗಾರಿಕೆ ದೋಣಿಗೆ ನೋಂದಣಿ ಬೇಕು, ಲೈಸೆನ್ಸ್ ಬೇಕು, ಅದು ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರ ಅಡಿ ಬರತ್ತೆ, ನೋಂದಣಿ ಕೆಲಸ ಈಗ ರಿಯಲ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗತ್ತೆ. ಮೈ ಮೇಲಿನ ನಂಬರಿಗೂ ಕಾಗದದ ನಂಬರಿಗೂ ತಾಳೆ ಆಗ್ಬೇಕು. ಇಂಜಿನ್ ಜೊತೆಗೇ ಕೊಳ್ಳೋದಾದ್ರೆ ಇಂಜಿನ್ ನಂಬರ್, ಬಿಲ್ಲು, ಸೀಮೆಎಣ್ಣೆ ಪರ್ಮಿಟ್ ಇದ್ರೆ ಅದು ಯಾರ ಹೆಸರಲ್ಲಿದೆ ಅಂತ ಕೇಳಿ, ನಿಮ್ಮ ಊರಿನ ಮೀನುಗಾರಿಕೆ ಇಲಾಖೆ ಆಫೀಸಿಗೆ ಒಂದ್ಸಲ ಹೋಗಿ ಹೆಸರು ಬದಲಾವಣೆ ಹೇಗೆ ಅಂತ ತಿಳ್ಕೊಂಡ ಮೇಲೇ ದುಡ್ಡು ಕೊಡಿ.

ಒಣಗಿಸೋದು

ಈ ಕೆಲಸಕ್ಕೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗಿನ ಕಾಲ ಒಳ್ಳೇದು. ಕರಾವಳಿ ಮಳೆಗಾಲದಲ್ಲಿ ಗಾಳಿಯಲ್ಲೇ ನೀರು ಇರತ್ತೆ, ಟ್ರಾಲ್ ಬೋಟ್‌ಗಳೆಲ್ಲ ಜೂನ್ 1ರಿಂದ ಜುಲೈ 31ರ ತನಕ ರಜೆಯಲ್ಲಿ ಇರ್ತಾವೆ, ಅದನ್ನ ನೋಡಿ ನಾವೂ ಆಗ ಮಾಡ್ತೀವಿ ಅಂತ ಸುಮಾರು ಜನ ಹೊರಡ್ತಾರೆ, ಆದ್ರೆ ತೆರೆದ ಚಪ್ಪರದಲ್ಲಿ ಆಗ ರೆಸಿನ್ ಕೆಲಸ ಮಾಡ್ಲೇಬೇಡಿ. ಅದೂ ಅಲ್ದೆ 10 ಎಚ್‌ಪಿ ಒಳಗಿನ ಇಂಜಿನ್ನಿನ ನಾಡದೋಣಿಗೆ ಆ 61 ದಿನದ ನಿಷೇಧ ಇಲ್ಲ, ನಾಡದೋಣಿಗೆ ದುಡಿಮೆಯ ಕಾಲವೇ ಅದು, ಆಗ ದೋಣಿ ಶೆಡ್ಡಲ್ಲಿ ಇರೋದು ನಷ್ಟ.

ಮೊದಲು ದೋಣಿಯಿಂದ ತೆಗೆಯಬಹುದಾದ್ದೆಲ್ಲ ತೆಗೀರಿ. ಸೀಟು, ಹಲಗೆ, ಕೊಕ್ಕೆ, ಹಗ್ಗದ ಬಳೆ, ತುಕ್ಕು ಹಿಡಿದ ಬೋಲ್ಟು ಎಲ್ಲಾ. ತೆಗೆಯೋ ಮುಂಚೆ ಫೋನಲ್ಲಿ ಫೋಟೋ ಹೊಡ್ಕೊಳ್ಳಿ, ಮತ್ತೆ ಜೋಡಿಸೋವಾಗ ಬಹಳ ಉಪಯೋಗ. ಒಳಗೆ ಹಳೆ ಫೋಮ್ ತುಂಬಿದ ಪೆಟ್ಟಿಗೆಗಳಿದ್ರೆ ಒಂದನ್ನ ಕೊಯ್ದು ನೋಡಿ, ಫೋಮ್ ಹಿಂಡಿದ್ರೆ ನೀರು ಬಂದ್ರೆ ಅದು ಇನ್ನು ಒಣಗಲ್ಲ, ಎಷ್ಟು ಬಿಸಿಲಿಗಿಟ್ರೂ ಒಣಗಲ್ಲ, ಪೂರ್ತಿ ಕೆರೆದು ತೆಗೀಬೇಕು. ದೋಣಿ ಭಾರ ಆಗಿ ಹೋಗಿದೆ, ಮೊದಲಿನ ಓಟ ಇಲ್ಲ ಅಂತ ಮಾಲೀಕರು ಹೇಳ್ತಾರಲ್ಲ, ಅದರ ಕಾರಣ ಹೆಚ್ಚಿನ ಸಲ ಇದೇ.

ಆಮೇಲೆ ಸಿಹಿನೀರಲ್ಲಿ ತೊಳೀರಿ. ಒಂದ್ಸಲ ಅಲ್ಲ, ಮೂರ್ನಾಲ್ಕು ದಿನ ದಿನಾ ತೊಳೀರಿ. ಉಪ್ಪು ಗಾಳಿಯಿಂದ ನೀರು ಎಳ್ಕೊಳ್ಳತ್ತೆ, ಬಿರುಕಿನ ಒಳಗೆ ಉಪ್ಪು ಉಳಿದ್ರೆ ಆ ಜಾಗ ಯಾವತ್ತೂ ಒಣಗಲ್ಲ. ಮೀನಿನ ಎಣ್ಣೆ, ಸೀಮೆಎಣ್ಣೆ, ಗ್ರೀಸ್ ಇರೋ ಕಡೆ ಸೋಪಿನ ಪುಡಿ ಹಾಕಿ ಉಜ್ಜಿ, ಒಣಗಿದ ಮೇಲೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ. ಈ ಎಣ್ಣೆ ತೆಗೆಯೋದು ಗ್ರೈಂಡಿಂಗ್‌ಗಿಂತ ಮುಂಚೆ ಆಗ್ಬೇಕು, ಇಲ್ಲಾಂದ್ರೆ ಗ್ರೈಂಡರ್ರೇ ಆ ಜಿಡ್ಡನ್ನ ಫೈಬರ್ ಒಳಗೆ ತಿಕ್ಕಿಬಿಡತ್ತೆ.

ತೊಳೆದ ಮೇಲೆ ದೋಣಿನ ಮಗುಚಿ ನೆಲದಿಂದ ಎರಡಡಿ ಎತ್ತರದಲ್ಲಿ ಕಟ್ಟೆ ಕಟ್ಟಿ ಇಡಿ, ಕೆಳಗೆ ಗಾಳಿ ಆಡ್ಬೇಕು. ಒಣಗಿದ್ಯೋ ಇಲ್ವೋ ಅಂತ ನೋಡೋಕೆ ಒಂದು ಸುಲಭದ ಉಪಾಯ ಇದೆ. ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಂಡು ಅನುಮಾನ ಇರೋ ಜಾಗಕ್ಕೆ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ, ಒಂದಿಡೀ ದಿನ ಬಿಸಿಲಲ್ಲಿ ಬಿಡಿ. ಸಂಜೆ ಹಾಳೆಯ ಒಳಬದಿಯಲ್ಲಿ ಬೆವರಿನ ಹನಿ ಕಂಡ್ರೆ ಇನ್ನೂ ನೀರಿದೆ. ಹನಿ ಕಾಣೋದು ನಿಲ್ಲೋ ತನಕ ಕಾಯ್ರಿ. ಎರಡು ವಾರ ಆಗಬಹುದು, ಆರು ವಾರನೂ ಆಗಬಹುದು, ಈ ಸಮಯದಲ್ಲಿ ಇಂಜಿನ್ ಕೆಲಸ ಮಾಡ್ಕೊಳ್ಳಿ.

ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ರೆ ಒಂದನ್ನ ಚುಚ್ಚಿ ನೋಡಿ, ಹುಳಿ ವಾಸನೆಯ ನೀರು ಬಂದ್ರೆ ಅದು ಜೆಲ್‌ಕೋಟ್ ದಾಟಿ ಪದರಕ್ಕೆ ನೀರು ಇಳಿದಿರೋ ಲಕ್ಷಣ. ಹೊಳೆಯಲ್ಲಿ ಯಾವಾಗ್ಲೂ ಕಟ್ಟಿಹಾಕಿರೋ ದೋಣಿಗೆ ಇದು ಜಾಸ್ತಿ, ದಿನಾ ದಡಕ್ಕೆ ಎಳೆಯೋ ದೋಣಿಗೆ ಕಮ್ಮಿ. ಚುಚ್ಚುವಾಗ ಕನ್ನಡಕ ಹಾಕ್ಕೊಳ್ಳಿ, ಒತ್ತಡದಲ್ಲಿ ಚಿಮ್ಮತ್ತೆ. ಎಲ್ಲಾ ಗುಳ್ಳೆ ಒಡೆದು, ಗ್ರೈಂಡ್ ಮಾಡಿ, ತೊಳೆದು, ಒಣಗಿಸಿ, ಆಮೇಲೆ ಎಪಾಕ್ಸಿ (ಪಾಲಿಯೆಸ್ಟರ್‌ಗಿಂತ ದುಬಾರಿ ಇನ್ನೊಂದು ಥರದ ರೆಸಿನ್) ಪುಟ್ಟಿ.

ರೆಸಿನ್ ಮುಟ್ಟೋ ಮುಂಚೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಇದು ಕಣ್ಣಿನ, ಪುಪ್ಪುಸದ ವಿಷಯ. ನಮ್ಮ ಕಡೆ ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡ್ತಾರೆ, ಒಂದು ರೆಸಿನ್ ಬೇಗ ಗಟ್ಟಿ ಆಗೋಕೆ ಹಾಕೋ ನೇರಳೆ ಬಣ್ಣದ ಕೊಬಾಲ್ಟ್, ಇನ್ನೊಂದು ನೀರಿನ ಥರ ಇರೋ ಹಾರ್ಡನರ್. ಈ ಎರಡನ್ನ ಯಾವತ್ತೂ, ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸ್ಫೋಟ ಆಗತ್ತೆ, ಬೆಂಕಿ ಹತ್ತತ್ತೆ. ಮೊದಲು ಕೊಬಾಲ್ಟನ್ನ ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆ, ಕೆಲಸಕ್ಕೆ ಬೇಕಾದಷ್ಟು ಮಾತ್ರ ಬೇರೆ ಡಬ್ಬಿಗೆ ತಗೊಂಡು ಹಾರ್ಡನರ್ ಹಾಕಿ. ಕೆಲವು ರೆಸಿನ್‌ಗೆ ಕಂಪನಿಯವರೇ ಕೊಬಾಲ್ಟ್ ಸೇರಿಸಿರ್ತಾರೆ, ಅದಕ್ಕೆ ಮತ್ತೆ ಹಾಕ್ಬಾರದು, ಕೊಳ್ಳುವಾಗ ಕೇಳಿ. ಎರಡೂ ಬಾಟಲಿನ ಒಂದೇ ಚೀಲದಲ್ಲಿ ತರೋದೂ ಬೇಡ, ಒಂದೇ ಕಪಾಟಲ್ಲಿ ಇಡೋದೂ ಬೇಡ. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ರೂ ದೃಷ್ಟಿಗೆ ಕುತ್ತು, ಕನ್ನಡಕ ಕಡ್ಡಾಯ, ಪಕ್ಕದಲ್ಲಿ ಒಂದು ಬಕೆಟ್ ಸಿಹಿನೀರು ಯಾವಾಗ್ಲೂ ಇರಲಿ.

ಹಾರ್ಡನರ್ ಅಳತೆ ರೆಸಿನ್ನಿನ ತೂಕದ 1ರಿಂದ 2 ಶೇಕಡಾ, ಅಂದ್ರೆ ಒಂದು ಕಿಲೋ ರೆಸಿನ್‌ಗೆ 10ರಿಂದ 20 ಎಂಎಲ್. ನಮ್ಮ ಬೇಸಿಗೆಯಲ್ಲಿ 10 ಎಂಎಲ್ ಕಡೆಗೇ ಇರಿ. ಬೇಗ ಗಟ್ಟಿ ಆಗ್ಲಿ ಅಂತ ಜಾಸ್ತಿ ಹಾಕಿದ್ರೆ ಡಬ್ಬಿಯಲ್ಲೇ ಕಾದು ಹೊಗೆ ಬರತ್ತೆ, ಮೈ ಮೇಲೆ ಹಾಕಿದ್ದೂ ಪುಡಿಪುಡಿ ಆಗತ್ತೆ. ಔಷಧಿ ಅಂಗಡಿಯ ಸಿರಿಂಜ್ ತಗೊಂಡು ಅಳೀರಿ, ಮುಚ್ಚಳದ ಲೆಕ್ಕ ಬೇಡ. ಒಂದ್ಸಲಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಕಲಸಬೇಡಿ. ಕೆಲಸ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ನೇರ ಬಿಸಿಲು ಬೀಳದ ಚಪ್ಪರದ ಅಡಿ ಮಾಡಿ.

ಗ್ರೈಂಡಿಂಗ್ ಧೂಳಿಗೆ ಮೂಗಿಗೆ ಕರ್ಚೀಫ್ ಕಟ್ಟಿದ್ರೆ ಸಾಲದು, ಫಿಲ್ಟರ್ ಇರೋ ಮಾಸ್ಕೇ ಬೇಕು. ತುಂಬು ತೋಳಿನ ಹಳೆ ಅಂಗಿ, ಕೈಗವಸು, ತೋಳಿನ ತುದಿಗೆ ಟೇಪ್. ಕೆಲಸ ಆದ ಮೇಲೆ ಮೊದಲು ತಣ್ಣೀರಲ್ಲಿ ಸ್ನಾನ ಮಾಡಿ, ಬಿಸಿನೀರು ಚರ್ಮದ ರಂಧ್ರ ತೆರೆದು ಗಾಜಿನ ನೂಲು ಇನ್ನೂ ಒಳಗೆ ಹೋಗತ್ತೆ ಅಂತ ಫೈಬರ್ ಕೆಲಸದವರೆಲ್ಲ ಹೇಳೋದು. ಆ ಬಟ್ಟೆನ ಮನೆಯವರ ಬಟ್ಟೆ ಜೊತೆ ಒಗೆಯೋಕೆ ಹಾಕ್ಲೇಬೇಡಿ.

ಬಿರುಕು, ತೂತು, ಸವೆದ ತಳ

ಬಿರುಕಿನ ಮೇಲೆ ಸುಮ್ನೆ ಪಟ್ಟಿ ಅಂಟಿಸೋದು ರಿಪೇರಿ ಅಲ್ಲ. ಬಿರುಕಿನ ಸುತ್ತ ಇಳಿಜಾರಾಗಿ ಗ್ರೈಂಡ್ ಮಾಡ್ಬೇಕು, ದಪ್ಪದ 12 ಪಟ್ಟು ಅಗಲಕ್ಕೆ. ಮೈ 5 ಎಂಎಂ ದಪ್ಪ ಇದ್ರೆ ಬಿರುಕಿನಿಂದ ಎರಡೂ ಕಡೆ 60 ಎಂಎಂ ಇಳಿಜಾರು. ಜಾಸ್ತಿ ಅನಿಸತ್ತೆ, ಒಳ್ಳೆ ಮೈಯನ್ನ ಯಾಕೆ ಕೊರೀಬೇಕು ಅಂತ ಅನಿಸತ್ತೆ, ಆದ್ರೆ ಹೊಸ ಪದರ ಹಳೇದನ್ನ ಹಿಡಿಯೋದು ಈ ಇಳಿಜಾರಿನ ಅಗಲದಲ್ಲೇ. 36 ಅಥವಾ 40 ನಂಬರಿನ ಡಿಸ್ಕ್ ಹಾಕಿ ಒರಟಾಗಿ ಬಿಡಿ, ನುಣುಪು ಮಾಡೋದು ಬೇಡ.

ಆಮೇಲೆ ಮ್ಯಾಟ್, ಅಂದ್ರೆ ಗಾಜಿನ ನೂಲಿನ ಚೂರು ಹರಡಿ ಅಂಟಿಸಿದ ಹಾಸು. ಚದರ ಮೀಟರಿಗೆ 300 ಮತ್ತೆ 450 ಗ್ರಾಮಿನ ಮ್ಯಾಟ್ ಸಿಗತ್ತೆ, ಜೊತೆಗೆ 600 ಗ್ರಾಮಿನ ರೋವಿಂಗ್, ಅಂದ್ರೆ ಚಾಪೆ ಥರ ನೇಯ್ದದ್ದು. ಪಾಲಿಯೆಸ್ಟರಲ್ಲಿ ಮಾಡುವಾಗ ಹಳೆ ಮೈಗೆ ತಾಗೋ ಮೊದಲ ಪದರ ಯಾವಾಗ್ಲೂ ಮ್ಯಾಟೇ ಆಗಿರಲಿ, ಅದರ ಮೇಲೆ ರೋವಿಂಗ್, ಮತ್ತೆ ಮ್ಯಾಟ್, ಹೀಗೆ ಒಂದರ ಮೇಲೊಂದು. ರೋವಿಂಗ್ ಮೇಲೆ ನೇರ ರೋವಿಂಗ್ ಹಾಕಿದ್ರೆ ನಡುವೆ ಪದರ ಬಿಡೋ ಸಾಧ್ಯತೆ ಜಾಸ್ತಿ. 450ರ ಮ್ಯಾಟ್ ಒಂದು ಪದರ ಸುಮಾರು 1 ಎಂಎಂ ದಪ್ಪ ಕೊಡತ್ತೆ, ಆ ಲೆಕ್ಕದಲ್ಲಿ ಎಷ್ಟು ಪದರ ಬೇಕು ಅಂತ ನೀವೇ ನೋಡ್ಕೋಬಹುದು. ಒಂದು ಕಿಲೋ ಮ್ಯಾಟಿಗೆ ಎರಡರಿಂದ ಎರಡೂವರೆ ಕಿಲೋ ರೆಸಿನ್, ರೋವಿಂಗ್‌ಗೆ ಅದರ ಅರ್ಧದಷ್ಟು. ರೆಸಿನ್ ಜಾಸ್ತಿ ಆದ್ರೆ ಗಟ್ಟಿ ಆಗತ್ತೆ ಅನ್ನೋದು ತಪ್ಪು, ಬಲ ಕೊಡೋದು ಗಾಜಿನ ನೂಲು, ರೆಸಿನ್ ಹಿಡ್ಕೊಂಡಿರೋದಷ್ಟೇ. ಪ್ರತಿ ಪದರಕ್ಕೂ ಕಬ್ಬಿಣದ ರೋಲರ್ ಓಡಿಸಿ ಗಾಳಿ ಗುಳ್ಳೆ ಹೊರಗೆ ಹಾಕಿ, ಬಿಳಿ ಮಚ್ಚೆ ಕಂಡ್ರೆ ಅಲ್ಲಿ ಗಾಳಿ ಇದೆ ಇಲ್ಲಾ ಮ್ಯಾಟ್ ನೆಂದಿಲ್ಲ. ದಿನಕ್ಕೆ ಮೂರ್ನಾಲ್ಕು ಪದರ ಸಾಕು, ಒಂದೇ ಸಲ ದಪ್ಪ ಏರಿಸಿದ್ರೆ ಶಾಖಕ್ಕೆ ಡೊಂಕಾಗತ್ತೆ.

ರೆಸಿನ್ ವಿಷಯದಲ್ಲಿ ಒಂದು ನಿಯಮ: ಎಪಾಕ್ಸಿ ಹಳೆ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಕೂರತ್ತೆ, ಪಾಲಿಯೆಸ್ಟರ್ ಎಪಾಕ್ಸಿ ಮೇಲೆ ಸರಿಯಾಗಿ ಕೂರಲ್ಲ. ಹಾಗಾಗಿ ಒಂದು ಜಾಗದಲ್ಲಿ ಎಪಾಕ್ಸಿ ಶುರು ಮಾಡಿದ್ರೆ ಕೊನೆ ತನಕ ಎಪಾಕ್ಸಿಯಲ್ಲೇ ಮುಗಿಸಿ. ಎಪಾಕ್ಸಿ ದುಬಾರಿ, ಅದನ್ನ ಟ್ರಾನ್ಸಮ್‌ಗೆ ಮತ್ತೆ ನೀರಿನ ಕೆಳಗಿನ ಮುಖ್ಯ ರಿಪೇರಿಗೆ ಇಟ್ಕೊಂಡು ಉಳಿದದ್ದನ್ನ ಪಾಲಿಯೆಸ್ಟರಲ್ಲಿ ಮಾಡಿದ್ರೆ ಖರ್ಚು ಹಿಡಿತದಲ್ಲಿರತ್ತೆ. ಪಾಲಿಯೆಸ್ಟರಲ್ಲೇ ಐಸೋ ರೆಸಿನ್ ಅಂತ ಕೇಳಿ ತಗೊಳ್ಳಿ, ಮಾಮೂಲಿ ರೆಸಿನ್‌ಗಿಂತ ನೀರಿಗೆ ತಡೀತದೆ.

ಹೊಯ್ಗೆ ಮೇಲೆ ಎಳೆಯೋ ದೋಣಿಗೆ ಕೀಲೇ ಜೀವ. ನಮ್ಮ ಮರವಂತೆ, ಉಪ್ಪುಂದ ಕಡೆಯ ದಡ ನೆನೆಸ್ಕೊಳ್ಳಿ, ದಿನಾ ಎಳೆದು ದಿನಾ ಇಳಿಸಿದ್ರೆ ಹೊಯ್ಗೆ ಅದನ್ನ ಮರಳು ಕಾಗದದ ಹಾಗೆ ತಿಂತದೆ, ಮೊದಲು ಜೆಲ್‌ಕೋಟ್ ಹೋಗತ್ತೆ, ಆಮೇಲೆ ಗಾಜಿನ ನೂಲು ಹೊರಗೆ ಕಾಣತ್ತೆ, ಆ ನೂಲಿನ ಉದ್ದಕ್ಕೂ ನೀರು ಮೈ ಒಳಗೆ ಏರತ್ತೆ. ಹಾಗಾಗಿ ಕೀಲ್ ಮೇಲೆ ಮೂರ್ನಾಲ್ಕು ಪದರ ಜಾಸ್ತಿ ಹಾಕಿ, ಹಾಕುವಾಗ ಒಂದಕ್ಕಿಂತ ಒಂದು ಅಗಲ ಮಾಡಿ ಅಂಚು ಇಳಿಜಾರಾಗೋ ಹಾಗೆ. ಅದರ ಮೇಲೆ ಬೇಕಾದ್ರೆ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಕೂರಿಸಬಹುದು, ಸವೆದಾಗ ಪಟ್ಟಿ ಬದಲಾಯಿಸಿದ್ರೆ ಆಯ್ತು. ಆದ್ರೆ ಪಟ್ಟಿಯ ಪ್ರತಿ ಸ್ಕ್ರೂ ತೂತೂ ನೀರಿಗೆ ಬಾಗಿಲು, ಸೀಲಂಟ್ ತುಂಬದೆ ಒಂದೂ ಹಾಕಬೇಡಿ.

ಟ್ರಾನ್ಸಮ್

ಇಡೀ ದೋಣಿಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನೋದು ಇದು. 40 ಕಿಲೋ ಆಸುಪಾಸಿನ ಇಂಜಿನ್ ನೇತಾಡ್ತಾ, ಅದೇ ದೋಣಿನ ತಳ್ತಾ, ಅಲೆಗೆ ಎತ್ತಿ ಎತ್ತಿ ಹಾಕ್ತಾ ಇರತ್ತೆ. ಒಳಗಿನ ಪ್ಲೈವುಡ್ ಕೊಳೆತಿದ್ರೆ ಹೊರಗಿನಿಂದ ಕಬ್ಬಿಣದ ತಗಡು ಬಡಿದು ಬೋಲ್ಟ್ ಹಾಕಿ ಸುಧಾರಿಸೋದನ್ನ ಎಷ್ಟೋ ಕಡೆ ನೋಡಿದೀನಿ, ದಯವಿಟ್ಟು ಹಾಗೆ ಮಾಡಬೇಡಿ, ಅಳಿವೆ ದಾಟುವಾಗ ಇಂಜಿನ್ ಹಲಗೆ ಸಮೇತ ಕಿತ್ಕೊಂಡು ಹೋದ್ರೆ ಜೀವವೇ ಉಳಿಯಲ್ಲ.

ಒಳಗಿನ ಬದಿಯಿಂದ ಫೈಬರ್ ಚರ್ಮ ಕೊಯ್ದು ತೆಗೀರಿ, ಹೊರಗಿನ ಚರ್ಮ ಹಾಗೇ ಇರಲಿ, ದೋಣಿಯ ಆಕಾರ ಹಿಡಿದಿರೋದು ಅದೇ. ಕೊಳೆತ ಪ್ಲೈವುಡ್ ಉಳಿ ಸುತ್ತಿಗೆಯಲ್ಲಿ ಪೂರ್ತಿ ತೆಗೆದು, ಹೊರಗಿನ ಚರ್ಮದ ಒಳಮೈ ಗ್ರೈಂಡ್ ಮಾಡಿ, ತೊಳೆದು, ಒಣಗಿಸಿ, ಮತ್ತೆ ಅದೇ ಪ್ಲಾಸ್ಟಿಕ್ ಹಾಳೆ ಪರೀಕ್ಷೆ. ರಟ್ಟಿನಲ್ಲಿ ಅಚ್ಚು ತೆಗೆದು ಪ್ಲೈವುಡ್ ಕೊಯ್ಯಿರಿ. ಪ್ಲೈವುಡ್ ಮೇಲೆ ಐಎಸ್ 710 ಅಂತ ಮುದ್ರೆ ಇರ್ಬೇಕು, ಮೆರೈನ್ ಪ್ಲೈಗೆ ಇರೋ ನಮ್ಮ ದೇಶದ ಮಾನದಂಡ ಅದು. ಬರೀ ವಾಟರ್‌ಪ್ರೂಫ್ ಅಂತ ಬಾಯಲ್ಲಿ ಹೇಳಿದ್ದನ್ನ ನಂಬಬೇಡಿ. 18 ಅಥವಾ 19 ಎಂಎಂದು ಎರಡು ಹಲಗೆ ಎಪಾಕ್ಸಿ ಹಾಕಿ ಜೋಡಿಸಿದ್ರೆ ಸಣ್ಣ ಇಂಜಿನ್ನಿಗೆ ಬೇಕಾದ ದಪ್ಪ ಬರತ್ತೆ, ಆದ್ರೆ ಕೊಯ್ಯೋ ಮುಂಚೆ ನಿಮ್ಮ ಇಂಜಿನ್ನಿನ ಕ್ಲಾಂಪ್ ಎಷ್ಟು ಬಾಯಿ ತೆರೆಯತ್ತೆ ಅಂತ ಅಳೀರಿ.

ಹಲಗೆಯ ಎಲ್ಲಾ ಮುಖಕ್ಕೂ, ಮುಖ್ಯವಾಗಿ ಕೊಯ್ದ ಅಂಚುಗಳಿಗೆ, ತೆಳು ಎಪಾಕ್ಸಿ ಕುಡಿಸಿ, ಅಂಚು ಎಷ್ಟು ಕುಡಿಯತ್ತೋ ಅಷ್ಟು. ಕೂರಿಸುವಾಗ ಎಪಾಕ್ಸಿಗೆ ಗಾಜಿನ ನೂಲಿನ ಚೂರು, ಫಿಲ್ಲರ್ ಪುಡಿ ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿ ಪುಟ್ಟಿ ಮಾಡ್ಕೊಂಡು ಹೊರಚರ್ಮಕ್ಕೆ ಬಳಿದು ಹಲಗೆ ಒತ್ತಿ, ಸುತ್ತ ಪುಟ್ಟಿ ಉಕ್ಕಿ ಬರ್ಬೇಕು, ಎಲ್ಲೂ ಗಾಳಿ ಉಳೀಬಾರದು. ಕ್ಲಾಂಪ್ ಹಾಕಿ ಮರುದಿನದ ತನಕ ಮುಟ್ಟಬೇಡಿ. ಮೂಲೆಗಳನ್ನ ಪುಟ್ಟಿಯಲ್ಲಿ ದುಂಡಗೆ ಮಾಡಿ, ಚೂಪು ಮೂಲೆಯಲ್ಲಿ ಗಾಜಿನ ಬಟ್ಟೆ ಕೂರಲ್ಲ. ಒಳಗಿನಿಂದ ಹಾಕೋ ಪದರಗಳು ಎರಡೂ ಬದಿಗೆ, ತಳಕ್ಕೆ ಕನಿಷ್ಠ ಆರು ಇಂಚು ಹೋಗ್ಬೇಕು, ಹಲಗೆಯ ಬಲ ಮೈಗೆ ದಾಟೋದು ಅಲ್ಲಿಂದಲೇ. ಎಪಾಕ್ಸಿ ಜೊತೆಗೆ ಮ್ಯಾಟ್ ಬದಲು ನೇಯ್ದ ಗಾಜಿನ ಬಟ್ಟೆ ಬಳಸಿ, ಯಾಕಂದ್ರೆ ಮಾಮೂಲಿ ಮ್ಯಾಟಿನ ಅಂಟು ಎಪಾಕ್ಸಿಯಲ್ಲಿ ಕರಗಲ್ಲ.

ಬೋಲ್ಟ್ ತೂತನ್ನ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೀರಿ. ಹೀಗೆ ಮಾಡಿದ್ರೆ ಮುಂದೆ ಸೀಲಂಟ್ ಹಾಳಾದ್ರೂ ನೀರಿಗೆ ಪ್ಲೈವುಡ್ ಸಿಗಲ್ಲ. ಬೋಲ್ಟು 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿಂದಿರಲಿ, 304 ಗ್ರೇಡ್ ಉಪ್ಪುನೀರಲ್ಲಿ ಬೇಗ ಕಲೆ ಹಿಡಿಯತ್ತೆ. ಹಿತ್ತಾಳೆ ನೀರಿನ ಕೆಳಗೆ ಬೇಡವೇ ಬೇಡ.

ಎತ್ತರನೂ ಈಗಲೇ ಸರಿ ಮಾಡ್ಕೊಳ್ಳಿ. ಶಾರ್ಟ್ ಶಾಫ್ಟ್ ಇಂಜಿನ್ನಿಗೆ ಟ್ರಾನ್ಸಮ್ 15 ಇಂಚು, ಲಾಂಗ್ ಶಾಫ್ಟಿಗೆ 20 ಇಂಚು. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದಿಂಚಿನ ಒಳಗೆ ಕೆಳಗೆ ಬರ್ಬೇಕು. ಮೇಲಾದ್ರೆ ಪ್ರೊಪೆಲ್ಲರ್ ಗಾಳಿ ಎಳೆದು ಸುಮ್ನೆ ಕಿರುಚತ್ತೆ, ಕೆಳಗಾದ್ರೆ ಎಣ್ಣೆ ದಂಡ.

ದೋಣಿ ಮರದ್ದಾದ್ರೆ

ಹೊಳೆಯಲ್ಲಿ ಓಡೋ ಹಳೆ ಮರದ ದೋಣಿ ಇನ್ನೂ ಅಲ್ಲಲ್ಲಿ ಇದಾವೆ. ಅದಕ್ಕೆ ಗೇರು ಎಣ್ಣೆ, ಮೀನೆಣ್ಣೆ ಬಳಿಯೋ ಹಳೇ ಪದ್ಧತಿ ಈಗಲೂ ಒಳ್ಳೇದೇ. ಮೇಲೆ ಫೈಬರ್ ಹೊದಿಸೋದಾದ್ರೆ, ಈ ಕೆಲಸವನ್ನ ಕೊಚ್ಚಿಯ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ತುಂಬಾ ವರ್ಷದಿಂದ ಮಾಡಿ ತೋರಿಸಿದೆ, ಕಡಲ ಹುಳ ಮರ ಕೊರೆಯೋದನ್ನ ಅದು ತಡೆಯತ್ತೆ. ಆದ್ರೆ ಎಣ್ಣೆ ಕುಡಿದ ಮರದ ಮೇಲೆ ರೆಸಿನ್ ಹಿಡಿಯಲ್ಲ. ಎಣ್ಣೆಯ ದೋಣಿ ಎಣ್ಣೆಯಲ್ಲೇ ಇರಲಿ, ಎರಡನ್ನ ಬೆರೆಸಬೇಡಿ.

ನಮಗೆ ಬೇಕಾದ ಹಾಗೆ ಮಾಡ್ಕೊಳ್ಳೋದು

ಎಲ್ರೂ ಮೊದಲು ಐಸ್ ಬಾಕ್ಸ್, ಫಿಶ್ ಫೈಂಡರ್ ಅಂತಾರೆ, ನಾನು ಮೊದಲು ತೇಲೋ ಜಾಗ ಅಂತೀನಿ. ಮರ ನೀರು ತುಂಬಿದ್ರೂ ತೇಲತ್ತೆ, ಫೈಬರ್ ನೀರು ತುಂಬಿದ್ರೆ ಮುಳುಗತ್ತೆ, ಹಾಗಾಗಿ ಫೋಮ್ ಬೇಕೇ ಬೇಕು. ಲೆಕ್ಕ ಸುಲಭ: ಒಂದು ಲೀಟರ್ ಜಾಗ ಸುಮಾರು ಒಂದು ಕಿಲೋ ಎತ್ತತ್ತೆ. 300 ಕಿಲೋ ಫೈಬರ್ ಮೈ ನೀರೊಳಗೆ ಸುಮಾರು 105 ಕಿಲೋ ತೂಗತ್ತೆ, ಇಂಜಿನ್ ಇನ್ನೊಂದು 35, ಬಲೆಯ ಸೀಸ, ಲಂಗರು ಸೇರಿದ್ರೆ ಮತ್ತೂ ಸ್ವಲ್ಪ, ಅದಕ್ಕೆ ಜನ ಹಿಡ್ಕೊಂಡು ತೇಲ್ಬೇಕು, ಅಂದ್ರೆ 250ರಿಂದ 300 ಲೀಟರ್ ಇರಲಿ. ಅದನ್ನ ತಳದಲ್ಲಿ ಅಲ್ಲ, ಎರಡೂ ಬದಿಯ ಮೇಲ್ಭಾಗದಲ್ಲಿ, ಮೂತಿಯಲ್ಲಿ, ಹಿಂದಿನ ಎರಡು ಮೂಲೆಯಲ್ಲಿ ಹಂಚಿ. ತಳದಲ್ಲಿ ಇಟ್ರೆ ನೀರು ತುಂಬಿದ ದೋಣಿ ಮಗುಚಿ ಹಾಕತ್ತೆ.

ಫೋಮ್ ಅಂದ್ರೆ ಪಿಯು (ಪಾಲಿಯುರೆಥೇನ್) ಫೋಮ್. ಥರ್ಮಾಕೋಲ್ ಮೇಲೆ ಪಾಲಿಯೆಸ್ಟರ್ ರೆಸಿನ್ ಬಿದ್ರೆ ಅದು ಕಣ್ಮುಂದೆನೇ ಕರಗಿ ಹೋಗತ್ತೆ, ಪೆಟ್ರೋಲ್ ತಾಗಿದ್ರೂ ಅಷ್ಟೇ. ಫೋಮ್‌ಗೆ ದುಡ್ಡಿಲ್ಲಾಂದ್ರೆ ಬಿಗಿ ಮುಚ್ಚಳದ ಖಾಲಿ ಪ್ಲಾಸ್ಟಿಕ್ ಕ್ಯಾನ್‌ಗಳನ್ನ ಸೀಟಿನ ಅಡಿ ಗಟ್ಟಿಯಾಗಿ ಕಟ್ಟಿ, ಇದರ ಒಂದು ಗುಣ ಅಂದ್ರೆ ಬಿಚ್ಚಿ ತೊಳೆದು ಒಣಗಿಸಬಹುದು, ನೀರು ಕೂತ್ಕೊಳ್ಳೋ ಪ್ರಶ್ನೆಯೇ ಇಲ್ಲ.

ಐಸ್ ಬಾಕ್ಸನ್ನ ನಡುವಿಗಿಂತ ಸ್ವಲ್ಪ ಹಿಂದೆ ಇಡಿ, ತುಂಬಿದ 100 ಲೀಟರ್ ಬಾಕ್ಸ್ ಒಬ್ಬ ಆಳಿಗಿಂತ ಜಾಸ್ತಿ ತೂಗತ್ತೆ, ಮೂತಿಯಲ್ಲಿಟ್ರೆ ಅಲೆಗೆ ಮುಖ ಕೊಡುವಾಗ ದೋಣಿ ಏಳಲ್ಲ. ಬಲೆ ಎಳೆಯೋ ಬದಿಯ ಅಂಚಿನಲ್ಲಿ ಒಂದು ಬೋಲ್ಟಿನ ತಲೆಯೂ ಎದ್ದು ನಿಂತಿರಬಾರದು, ಬಲೆ ಸಿಕ್ಕಿದ್ರೆ ಹರಿಯತ್ತೆ, ಜೋರು ಓಟದಲ್ಲಿ ಕೈಯೂ ಸಿಕ್ಕತ್ತೆ. ನಿಲ್ಲೋ ಜಾಗಕ್ಕೆ ಕೊನೆಯ ಕೋಟ್ ಹಸಿ ಇರುವಾಗ ಒಣ ಹೊಯ್ಗೆ ಜರಡಿ ಹಿಡಿದು ಉದುರಿಸಿದ್ರೆ ಕಾಲು ಜಾರಲ್ಲ. ಲೈಟಿಗೆ 12 ವೋಲ್ಟ್ ಬ್ಯಾಟರಿ ಇಟ್ರೆ ಬ್ಯಾಟರಿ ಹತ್ರವೇ ಫ್ಯೂಸ್ ಹಾಕಿ, ತವರ ಲೇಪಿಸಿದ ತಾಮ್ರದ ವೈರ್ ಬಳಸಿ, ಮನೆ ವೈರಿಂಗಿನ ವೈರ್ ಉಪ್ಪಿಗೆ ಒಳಗೊಳಗೇ ಹಸಿರಾಗತ್ತೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಸುತ್ತ ಕಾಣೋ ಬಿಳಿ.

ಇಂಜಿನ್ ಮತ್ತೆ ಬಣ್ಣ

ಹಳೆ ಇಂಜಿನ್ನಿನ ಗೇರ್ ಆಯಿಲ್ ಬಿಚ್ಚಿ ನೋಡಿ, ಹಾಲಿನ ಬಣ್ಣಕ್ಕೆ ತಿರುಗಿದ್ರೆ ಸೀಲ್ ಹೋಗಿ ನೀರು ಹೊಕ್ಕಿದೆ. ನೀರಿನ ಪಂಪಿನ ರಬ್ಬರ್ ಚಕ್ರ ಹೇಗಿದ್ರೂ ಹೊಸದು ಹಾಕಿ. ಸೀಮೆಎಣ್ಣೆ ಇಂಜಿನ್ ಆದ್ರೆ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ನಿಲ್ಲಿಸೋ ಮುಂಚೆನೂ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿ, ಕಾರ್ಬೊರೇಟರಲ್ಲಿ ಸೀಮೆಎಣ್ಣೆ ಉಳಿದ್ರೆ ಮರುದಿನ ಹಗ್ಗ ಎಳೆದೂ ಎಳೆದೂ ತೋಳು ಬೀಳತ್ತೆ. ದೊಡ್ಡ ಇಂಜಿನ್ ಆಸೆ ಇದ್ದವರು ಆ 10 ಎಚ್‌ಪಿ ಗಡಿ ನೆನಪಿಡಿ, ದಾಟಿದ್ರೆ ಮಳೆಗಾಲದ ಎರಡು ತಿಂಗಳು ಕೈತಪ್ಪತ್ತೆ.

ಬಣ್ಣಕ್ಕೆ ಎರಡು ಡಬ್ಬಿ ಬೆರೆಸೋ ಎಪಾಕ್ಸಿ ಪ್ರೈಮರ್, ಮೇಲೆ ಪಿಯು ಬಣ್ಣ. ಜೆಲ್‌ಕೋಟಲ್ಲೇ ಮುಗಿಸೋದಾದ್ರೆ ಕೊನೆಯ ಕೋಟಿಗೆ ವ್ಯಾಕ್ಸ್ ದ್ರಾವಣ ಸೇರಿಸಿ, ಇಲ್ಲಾಂದ್ರೆ ಗಾಳಿ ತಾಗೋ ಮೇಲ್ಮೈ ಅಂಟಂಟಾಗೇ ಉಳಿಯತ್ತೆ. ಒಳಬದಿಗೆ ಕಿತ್ತಳೆ ಅಥವಾ ಹಳದಿ ಹೊಡೆದ್ರೆ ದೂರದಿಂದ ಹುಡುಕೋರಿಗೆ ಕಾಣತ್ತೆ. ಹೊರಗಿನ ಬಣ್ಣಕ್ಕೆ ಇಲಾಖೆ ಹೇಳೋ ಪ್ರಕಾರ ಹೋಗಿ, ನೋಂದಣಿ ನಂಬರನ್ನ ದೊಡ್ಡದಾಗಿ ಬರೆಸಿ, ಹೆಸರು ದೇವರದ್ದೋ ಮಗಳದ್ದೋ ನಿಮ್ಮಿಷ್ಟ. ದಿನಾ ದಡಕ್ಕೆ ಎಳೆಯೋ ದೋಣಿಗೆ ಚಿಪ್ಪು ಹಿಡಿಯದ ಹಾಗೆ ಹಚ್ಚೋ ದುಬಾರಿ ಪೇಂಟ್ ಬೇಡ, ಹೊಳೆಯಲ್ಲೇ ಇರೋದಕ್ಕೆ ಬೇಕು.

ನೀರಿಗೆ ಇಳಿಸೋದು

ಕೊನೆಯ ಪದರ ಹಾಕಿ ಕನಿಷ್ಠ ಒಂದು ವಾರ ಬಿಡಿ. ಆಮೇಲೆ ದೋಣಿನ ಸರಿಯಾದ ಕಟ್ಟೆ ಮೇಲಿಟ್ಟು ಒಳಗೆ ಎರಡಿಂಚು ಸಿಹಿನೀರು ತುಂಬಿ, ಹೊರಗಿನ ತಳಕ್ಕೆ ಸುಣ್ಣದ ಪುಡಿ ಉಜ್ಜಿ ರಾತ್ರಿ ಬಿಡಿ, ಎಲ್ಲಿ ಒದ್ದೆ ಗೆರೆ ಕಾಣತ್ತೋ ಅಲ್ಲಿ ಸೋರಿಕೆ. ಜಾಸ್ತಿ ನೀರು ತುಂಬಬೇಡಿ, ಭಾರಕ್ಕೆ ಕಟ್ಟೆಯ ಮೇಲೇ ಮೈ ಬಿರಿಯತ್ತೆ.

ಪೂಜೆ ಮಾಡಿ ಕಾಯಿ ಒಡೆದು ಮೊದಲು ಇಳಿಸೋದು ಹೊಳೆಗೆ ಇರಲಿ, ನೇರ ಕಡಲಿನ ಅಲೆಗೆ ಬೇಡ. ಅರ್ಧ ಗಂಟೆ ನಿಧಾನ ಓಡಿಸಿ, ಟ್ರಾನ್ಸಮ್ ಮೂಲೆಗಳನ್ನ ಕೈಯಲ್ಲಿ ಮುಟ್ಟಿ ನೋಡಿ, ಆಮೇಲೆ ಎರಡು ಜನ, ಬಲೆ, ತುಂಬಿದ ಬಾಕ್ಸ್ ಹಾಕ್ಕೊಂಡು ಪೂರ್ತಿ ವೇಗ. ತಲೆಗೊಂದು ಲೈಫ್ ಜಾಕೆಟ್ ಸೀಟಿನ ಅಡಿ ಅಲ್ಲ, ಮೈ ಮೇಲೆ ಇರಲಿ, ಹುಟ್ಟು ಎರಡು ಇರಲಿ, ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಈ ನಂಬರ್ ಎರಡನ್ನೂ ಒಳಬದಿಯಲ್ಲಿ ಬಣ್ಣದಲ್ಲೇ ಬರೆಸಿ, ಫೋನ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುತ್ತಿಗೆಗೆ.

ಮೊದಲ ವಾರದ ದುಡಿಮೆ ಆದ ಮೇಲೆ ಟ್ರಾನ್ಸಮ್ ಬೋಲ್ಟ್ ಒಂದೊಂದೇ ಬಿಗಿ ನೋಡಿ. ಹೊಸ ಸೀಲಂಟ್ ಕೂತ್ಕೊಂಡು ಬೋಲ್ಟ್ ಸ್ವಲ್ಪ ಸಡಿಲ ಆಗೋದು ಸಹಜ, ಬಿಗಿ ಮಾಡಿದ್ರೆ ಆಯ್ತು. ಆದ್ರೆ ಎರಡನೇ ಸಲವೂ ಅದೇ ಬೋಲ್ಟ್ ಸಡಿಲ ಆದ್ರೆ ಬಿಚ್ಚಿ ತೂತಿನ ಒಳಗೆ ಟಾರ್ಚ್ ಹಾಕಿ ನೋಡಿ, ಒದ್ದೆ ಕಂಡ್ರೆ ಅದೇ ದಿನ ಇಂಜಿನ್ ಇಳಿಸಿ ಒಣಗೋಕೆ ಬಿಡಿ.